ಮೂವತ್ತೆರಡನೇ ಹಾಳೆ

ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಹೇಗೆಂದು ಯಾರಿಗಾದರೂ ಕಲಿಯುವ ಆಸೆಯಿದ್ದರೆ ಆ ಸೋಮವಾರ ಶಾಲೆಯ ಸಿಬ್ಬಂದಿ ಕೋಣೆಗೆ ಬಂದು ಮೂರನೇ ತರಗತಿಯ ಮೇಷ್ಟ್ರ ಹತ್ತಿರ ಹೇಳಿಸಿಕೊಳ್ಳಬಹುದಿತ್ತು.

ಮುಖ್ಯೋಪಾಧ್ಯಾಯಿನಿ, ಅಂದರೆ ದೊಡ್ಡ ಮೇಡಂ, ಮೇಲಿನ ಕಚೇರಿಯಿಂದ ಬಂದ ಸುತ್ತೋಲೆ ಓದುತ್ತಿದ್ದರು. ಇನ್ನು ಮುಂದೆ ಹೋದ ವರ್ಷದ ಪಾಠಯೋಜನೆಗೆ ಈ ವರ್ಷದ ತಾರೀಕು ಹಾಕಿ ಕೊಡುವ ಹಾಗಿಲ್ಲ. ಪ್ರತಿಯೊಬ್ಬರೂ ಮೊದಲು ತಮ್ಮ ಕೊಠಡಿಯ ಗುಣ ಬರೆಯಬೇಕು, ಆಮೇಲೆ ಮಗುವಿಗೊಂದರಂತೆ ಹಾಳೆ ತುಂಬಿಸಬೇಕು, ಯೋಜನೆ ಆ ಹಾಳೆಗಳಿಂದಲೇ ಹುಟ್ಟಬೇಕು. ಗಡುವು ಹದಿನೈದು ದಿನ. ಉಳಿದ ಮೇಷ್ಟ್ರುಗಳೆಲ್ಲ ತಲೆಯೆತ್ತಿ ಫ್ಯಾನಿನ ರೆಕ್ಕೆ ಎಣಿಸುತ್ತ ಕೂತರು, ಬುದ್ಧಿವಂತರು. ನಮ್ಮವರು ಮಾತ್ರ ಎದ್ದು ನಿಂತರು.

"ಹದಿನೈದು ದಿನ ಯಾಕೆ ಮೇಡಂ? ನನ್ನ ಮಕ್ಕಳು ನನಗೆ ಅಂಗೈ ಗೆರೆ ಇದ್ದ ಹಾಗೆ. ನಾಳೆ ಬೆಳಿಗ್ಗೆ ನಿಮ್ಮ ಮೇಜಿನ ಮೇಲಿರುತ್ತೆ."

ಸುತ್ತೋಲೆಗೆ ಇನ್ನೂ ಒಂದು ಸಾಲು ಬಾಕಿಯಿತ್ತು. ತಪಾಸಣೆಯ ದಿನ ಯೋಜನೆಗೂ ತರಗತಿಗೂ ತಾಳೆಯಾಗದಿದ್ದರೆ ಅಂಥ ಶಿಕ್ಷಕರನ್ನು ದಾಖಲೆ ಕೋಣೆಗೆ ಕಳಿಸಲಾಗುವುದು ಎಂದು ಮೇಡಂ ನಿಧಾನವಾಗಿ ಓದಿದರು. ಮೇಷ್ಟ್ರು ಅಭ್ಯಾಸಬಲದಿಂದ "ಆಯ್ತಾಯ್ತು" ಅಂದರು.

ಈ "ಆಯ್ತಾಯ್ತು" ಮೇಷ್ಟ್ರ ಹುಟ್ಟುಗುಣ. ಮಳೆ ಬರುತ್ತೆ ಅಂದರೂ ಆಯ್ತಾಯ್ತು, ಮನೆಗೆ ಬೆಂಕಿ ಬಿದ್ದಿದೆ ಅಂದರೂ ಆಯ್ತಾಯ್ತು. ಕಿವಿ ಚೆನ್ನಾಗಿಯೇ ಇತ್ತು, ಕಿವಿಗೂ ತಲೆಗೂ ನಡುವಿನ ದಾರಿ ಮಾತ್ರ ಸದಾ ದುರಸ್ತಿಯಲ್ಲಿರುತ್ತಿತ್ತು. ಶಾಲೆಯಲ್ಲೂ ಬೀದಿಯಲ್ಲೂ ಅವರಿಗೆ ಆಯ್ತಾಯ್ತು ಮೇಷ್ಟ್ರು ಎಂದೇ ಹೆಸರು ಬಿದ್ದಿತ್ತು, ಅವರಿಗೊಬ್ಬರಿಗೆ ಅದು ತಿಳಿದಿರಲಿಲ್ಲ.

ದಾಖಲೆ ಕೋಣೆಯೆಂದರೆ ಏನೆಂದು ಅವರಿಗೆ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಹೊಳೆಯಿತು. ಚಿತ್ರಕಲೆಯ ಮೇಷ್ಟ್ರು ನಾಲ್ಕು ವರ್ಷದ ಹಿಂದೆ ಅಲ್ಲಿಗೆ ಹೋದವರು ಇನ್ನೂ ಫೈಲುಗಳಿಗೆ ಚೀಟಿ ಅಂಟಿಸುತ್ತಿದ್ದಾರೆ. ಒಂದು ದಿನ ಅವರು ಶಾಲೆಯ ಕಿಟಕಿಯ ಹತ್ತಿರ ಬಂದು, ಮಕ್ಕಳು ಬಣ್ಣ ಚೆಲ್ಲಾಡುವುದನ್ನು ನೋಡುತ್ತ ನಿಂತು, ಯಾರನ್ನೂ ಮಾತಾಡಿಸದೆ ಹೊರಟುಹೋಗಿದ್ದರು. ಅದು ನೆನಪಾಗಿ ನಮ್ಮ ಮೇಷ್ಟ್ರು ಹೆಜ್ಜೆ ಚುರುಕು ಮಾಡಿದರು. ಹನ್ನೊಂದು ವರ್ಷದಿಂದ ಅವರಿಗೆ ಮೂರನೇ ತರಗತಿ ಬಿಟ್ಟರೆ ಬೇರೆ ಪ್ರಪಂಚವಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಮೇಷ್ಟ್ರ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ. ಹೆಂಡತಿಯ ಅಕ್ಷರ ಮುತ್ತು ಪೋಣಿಸಿದ ಹಾಗೆ. ಆದ್ದರಿಂದ ಸಂಜೆ ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿ, ಇವರು ಹಿಂದೆ ಮುಂದೆ ಓಡಾಡುತ್ತ ಹೇಳುವುದು, ಆಕೆ ಬರೆಯುವುದು ಎಂದಾಯಿತು.

ಸುಮ್ಮನೆ ಹೇಳಬಾರದು, ಅಷ್ಟು ಹೊತ್ತು ಮೇಷ್ಟ್ರು ಬೇರೆಯೇ ಮನುಷ್ಯರಾಗಿದ್ದರು. ಕೊಠಡಿಯ ಗುಣ: ಹನ್ನೊಂದು ಗಂಟೆಯಾದ ಮೇಲೆ ಬಿಸಿಲು ಕರಿಹಲಗೆಯ ಮೇಲೆ ಬಿದ್ದು ಕೂಡುವ ಗುರುತು ಕಳೆಯುವ ಗುರುತಿನಂತೆ ಕಾಣುತ್ತದೆ, ಆದ್ದರಿಂದ ಲೆಕ್ಕ ಹನ್ನೊಂದರ ಒಳಗೆ. ಮೂರನೇ ಬೆಂಚಿನ ಒಂದು ಕಾಲು ಗಿಡ್ಡ, ಅಲ್ಲಿ ಕೂತವರು ತೂಗಾಡುತ್ತಾರೆ, ಆದ್ದರಿಂದ ಪದ್ಯ ಬಾಯಿಪಾಠ ಮಾಡಬೇಕಾದವರನ್ನು ಅಲ್ಲಿ ಕೂರಿಸುವುದು. ಏಳನೇ ಸಂಖ್ಯೆಯ ಮಗುವಿಗೆ ನಿಂತುಕೊಂಡರೆ ಮಾತ್ರ ಮಗ್ಗಿ ಬರುತ್ತದೆ. ಹನ್ನೆರಡು ಮತ್ತು ಹದಿಮೂರು ಅಕ್ಕಪಕ್ಕ ಕೂತರೆ ಇಬ್ಬರೂ ಕಲಿಯುವುದಿಲ್ಲ, ದೂರ ಕೂತರೆ ಇಬ್ಬರೂ ಅಳುತ್ತಾರೆ, ಆದ್ದರಿಂದ ನಡುವೆ ಒಂದು ಚೀಲ. ಹತ್ತೊಂಬತ್ತನೇ ಹುಡುಗಿಗೆ ಯಾವ ಪಾಠವನ್ನೂ ನೇರವಾಗಿ ಹೇಳಬಾರದು, "ಪಕ್ಕದವರಿಗೆ ಇದನ್ನ ಹೇಳಿಕೊಡು" ಅನ್ನಬೇಕು, ಆಗ ತಾನೇ ಕಲಿತುಬಿಡುತ್ತಾಳೆ. ಹೆಸರು ಬರೆಯುವ ಹಾಗಿರಲಿಲ್ಲ, ಮಗುವಿನ ಮರ್ಯಾದೆಯ ಪ್ರಶ್ನೆ, ಬರೀ ಸಂಖ್ಯೆ. ಹೆಂಡತಿ ಬರೆಯುತ್ತ ಬರೆಯುತ್ತ, ಇಷ್ಟೆಲ್ಲ ಗಮನ ಮನೆಗೆ ಬರುವಾಗ ಎಲ್ಲಿ ಬಿಟ್ಟುಬರುತ್ತಾರೆ ಎಂದು ಯೋಚಿಸಿದಳು.

ಮೂವತ್ತೊಂದು ಮಕ್ಕಳ ಹಾಳೆ ಮುಗಿಯುವ ಹೊತ್ತಿಗೆ ಒಲೆಯ ಮೇಲೆ ಹಾಲಿತ್ತು. ನೋಡಿಕೊಳ್ಳಿ, ಉಕ್ಕೀತು ಎಂದು ಆಕೆ ಹೇಳಿದಳು. ಆಯ್ತಾಯ್ತು ಎಂದು ಮೇಷ್ಟ್ರು ಒಲೆಯ ಮುಂದೆ ಹೋಗಿ ನಿಂತರು, ನೋಡಿದರು. ಹಾಲು ಏರುವುದನ್ನೂ ನೋಡಿದರು, ಉಕ್ಕುವುದನ್ನೂ ನೋಡಿದರು, ಒಲೆ ನಂದಿ ನೆಲಕ್ಕೆ ಹರಿಯುವುದನ್ನೂ ನೋಡಿದರು. ಆಕೆ ಓಡಿ ಬಂದಾಗ, "ನೋಡ್ತಾನೇ ಇದ್ದೆ ಕಣೇ" ಅಂದರು.

ನೆಲ ಒರೆಸಿ ಬಂದು ಕೂತ ಆಕೆಯ ಕಣ್ಣಿಗೆ ಒಂದು ಖಾಲಿ ಹಾಳೆ ಬಿತ್ತು. ಹಾಳಾದರೆ ಇರಲಿ ಎಂದು ಕಚೇರಿಯವರು ಹೆಚ್ಚಿಗೆ ಕೊಟ್ಟದ್ದು. ಕೈಯಲ್ಲಿ ಪೆನ್ನಿತ್ತು, ಮೈಯಲ್ಲಿ ಸಿಟ್ಟಿತ್ತು. ಸಂಖ್ಯೆ ಮೂವತ್ತೆರಡು ಎಂದು ಬರೆದು ಒಂದೇ ಉಸಿರಿಗೆ ತುಂಬಿಸಿದಳು.

ಗಮನ: ಇಲ್ಲ. ಸೂಚನೆ ಪಾಲಿಸುವುದು: ಎಲ್ಲದಕ್ಕೂ ತಲೆಯಾಡಿಸುವುದು, ಯಾವುದನ್ನೂ ಮಾಡದಿರುವುದು. ನೆನಪು: ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವುದು, ಅಂಗಡಿಗೆ ಮೂರು ಸಲ ಹೋಗಿ ಮೂರನೇ ಸಲ ಚೀಲ ಅಲ್ಲೇ ಬಿಟ್ಟು ಬರುವುದು. ನಿದ್ರೆ: ಕೂತಲ್ಲಿ, ಗೊರಕೆ ಸಮೇತ. ಆರೋಗ್ಯ: ಮಂಡಿ ನೋವು, ಕೂದಲು ಉದುರುತ್ತಿದೆ, ಹೊಟ್ಟೆ ಮುಂದೆ ಬರುತ್ತಿದೆ. ಮನೆಯ ವಾತಾವರಣ: ನಾನೊಬ್ಬಳೇ ಸಾಕುತ್ತಿದ್ದೇನೆ. ವಿಶೇಷ ಗುಣ ಎಂಬಲ್ಲಿ ಮಾತ್ರ ಆಕೆಯ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಬರೆದಳು: ಮನಸ್ಸು ಒಳ್ಳೆಯದು, ಆದರೆ ಅದರಿಂದ ಹಾಲು ಉಳಿಯುವುದಿಲ್ಲ. ಕೆಳಗೆ ಪೋಷಕರ ಸಹಿ, ವಿಳಾಸ.

ಬರೆದ ಮೇಲೆ ಸಿಟ್ಟು ಇಳಿಯಿತು. ಬೆಳಿಗ್ಗೆ ಹರಿದು ಹಾಕಿದರಾಯಿತು ಎಂದುಕೊಂಡಳು. ಬೆಳಿಗ್ಗೆ ಆಕೆ ಏಳುವ ಮೊದಲೇ ಮೇಷ್ಟ್ರು ಎಲ್ಲವನ್ನೂ ಒಟ್ಟಿಗೆ ದಾರ ಕಟ್ಟಿಕೊಂಡು ಹೋಗಿಯಾಗಿತ್ತು.

ದೊಡ್ಡ ಮೇಡಂ ಓದದೆ ಸಹಿ ಹಾಕಿದರು, ಅವರ ಕೆಲಸ ಅದು. ಮೇಲಿನ ಕಚೇರಿಯ ಪರಿಶೀಲನಾಧಿಕಾರಿ ಮಾತ್ರ ಓದಿದರು, ಅವರಿಗೆ ಬೇರೆ ಕೆಲಸವಿರಲಿಲ್ಲ. ಎಂಟು ವರ್ಷಕ್ಕೆ ಮಂಡಿ ನೋವು, ಎಂಟು ವರ್ಷಕ್ಕೆ ಕೂದಲು ಉದುರುವುದು ಎಂದು ಓದಿ ಅವರ ಕರುಳು ಚುರ್ರೆಂದಿತು. ನಾಲ್ಕನೇ ದಿನ ಶಾಲೆಗೆ ಆದೇಶ ಬಂತು. ಮೂವತ್ತೆರಡನೇ ಮಗುವಿಗೆ ಪ್ರತ್ಯೇಕ ಪಾಠಯೋಜನೆ ಬರೆಯಬೇಕು, ತಪಾಸಣೆಯ ದಿನ ಆ ಮಗುವನ್ನು ಖುದ್ದಾಗಿ ಹಾಜರುಪಡಿಸಬೇಕು. ಜೊತೆಗೆ ಹಾಳೆಯ ನಕಲೂ, ಮಂಡಿಗೆ ಆರಾಮವಾಗಲೆಂದು ಒಂದು ಪುಟ್ಟ ಮೆತ್ತೆಯ ಕುರ್ಚಿಯೂ ಬಂದಿದ್ದವು.

ದೊಡ್ಡ ಮೇಡಂ ಮೇಷ್ಟ್ರನ್ನು ಕರೆಸಿ, ನಿಮ್ಮ ತರಗತಿಯಲ್ಲಿ ಮೂವತ್ತೊಂದು ಅಲ್ಲವೇ ಎಂದು ಕೇಳಿದರು. ಅಂಗೈ ಗೆರೆ ಎಂದು ಎಲ್ಲರ ಮುಂದೆ ಹೇಳಿದವರು ಈಗ ಒಂದು ಗೆರೆ ಕಾಣುತ್ತಿಲ್ಲ ಎನ್ನುವುದು ಹೇಗೆ?

"ಮೂವತ್ತೆರಡೇ ಮೇಡಂ. ಒಂದು ಮಗು ಸ್ವಲ್ಪ ಮರೆಯಲ್ಲಿ ಕೂರುತ್ತೆ."

ಮೇಡಂಗೆ ಆದೇಶಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಮೂವತ್ತೆರಡನೇ ಸಾಲು ಎಳೆದು, ಹೆಸರಿನ ಜಾಗ ಖಾಲಿ ಬಿಟ್ಟು, ಪುಸ್ತಕ ಮುಚ್ಚಿದರು.

ಮೇಷ್ಟ್ರು ತರಗತಿಗೆ ಹೋಗಿ ಎಣಿಸಿದರು, ಮೂವತ್ತೊಂದು. ಬಾಗಿಲಿನಿಂದ ಎಣಿಸಿದರು, ಹಿಂದಿನಿಂದ ಎಣಿಸಿದರು, ಮಕ್ಕಳನ್ನೇ ಎಣಿಸಲು ಹೇಳಿದರು. ಮಕ್ಕಳೆಲ್ಲ ತಮ್ಮನ್ನು ಬಿಟ್ಟು ಎಣಿಸಿ, ಮೇಷ್ಟ್ರನ್ನು ಸೇರಿಸಿ, ಮೂವತ್ತೊಂದೇ ಅಂದರು. ಅಂದಿನಿಂದ ಹಾಜರಿ ಕರೆಯುವಾಗ ಕೊನೆಗೆ "ಮೂವತ್ತೆರಡು" ಎಂದು ಕೂಗಿ ಒಂದು ನಿಮಿಷ ಕಾಯುವುದು ರೂಢಿಯಾಯಿತು. ಮೇಷ್ಟ್ರ ಮುಖ ನೋಡಲಾರದೆ ಮಕ್ಕಳೂ ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದರು.

ಹಾಳೆಯ ನಕಲನ್ನು ಮೇಷ್ಟ್ರು ಹತ್ತು ಸಲ ಓದಿದರು, ಕೆಳಗಿನ ಸಹಿ, ವಿಳಾಸದವರೆಗೆ ಮಾತ್ರ ಕಣ್ಣು ಒಂದು ಸಲವೂ ಇಳಿಯಲಿಲ್ಲ. ಅಕ್ಷರ ಹೆಂಡತಿಯದೇ, ಅಂದರೆ ತಾನೇ ಹೇಳಿ ಬರೆಸಿದ್ದು. ಇಷ್ಟು ವಿವರವಾಗಿ ಹೇಳಿ, ಮಗುವನ್ನೇ ಮರೆತುಬಿಟ್ಟೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಪಾಪ, ಯಾರ ಮಗುವೋ, ಮನೆಯಲ್ಲಿ ಎಷ್ಟು ಬೈಸಿಕೊಳ್ಳುತ್ತದೋ ಎಂದು ಕಣ್ಣು ಒದ್ದೆಯಾಯಿತು. ಆ ರಾತ್ರಿ ಊಟವನ್ನೂ ಮರೆತು ಯೋಜನೆ ಬರೆದರು. ಇಂಥ ಮಗುವಿಗೆ ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು, ಅದೂ ಎರಡೇ ಪದದಲ್ಲಿ. ಮರೆತದ್ದನ್ನು ಎತ್ತಿ ಆಡಬಾರದು. ಒಂದು ದಿನಕ್ಕೆ ಒಂದೇ ಪಾಠ, ಅದು ಬಂದ ದಿನ ಬೇರೆ ತಪ್ಪುಗಳನ್ನು ಕಾಣದಂತಿರಬೇಕು. ಅವರ ಜೀವಮಾನದಲ್ಲಿ ಅವರು ಬರೆದ ಅತ್ಯುತ್ತಮ ಯೋಜನೆ ಅದು. ಯಾರಿಗಾಗಿ ಎಂಬುದೊಂದು ಗೊತ್ತಾಗಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಅತ್ತ ಪರಿಶೀಲನಾಧಿಕಾರಿ ಸುಮ್ಮನೆ ಕೂರುವ ಆಸಾಮಿಯಲ್ಲ. ಒಂದು ಮಧ್ಯಾಹ್ನ ಹಾಳೆಯಲ್ಲಿದ್ದ ವಿಳಾಸ ಹುಡುಕಿಕೊಂಡು ಮನೆಗೇ ಬಂದರು. ಬಾಗಿಲು ತೆಗೆದ ಮೇಷ್ಟ್ರ ಹೆಂಡತಿಗೆ, ಶಾಲೆಯಲ್ಲಿ ಗಂಡ ಏನೋ ಅನಾಹುತ ಮಾಡಿಕೊಂಡಿದ್ದಾರೆ, ವಿಚಾರಿಸಲು ಬಂದಿದ್ದಾರೆ ಎನ್ನಿಸಿತು. ಒಳಗೆ ಕರೆದು ಕೂರಿಸಿದಳು.

"ಮನೆಯಲ್ಲೂ ಹೀಗೇನಾ?" ಎಂದು ಅಧಿಕಾರಿ ಕೇಳಿದರು.

"ನನ್ನ ಕೈಗೆ ಬಂದಾಗಿನಿಂದ ಹೀಗೇ ಸಾರ್. ಅವರಮ್ಮ ಮುದ್ದು ಮಾಡಿ ಹಾಳು ಮಾಡಿದ್ರು. ಕೊನೆಗೆ ನನ್ನ ಕೊರಳಿಗೆ ಕಟ್ಟಿ ಕೈ ತೊಳ್ಕೊಂಡ್ರು."

ಹೆತ್ತ ತಾಯಿ ಕೈಬಿಟ್ಟ ಮಗು ಎಂದು ಅಧಿಕಾರಿ ಗುರುತು ಹಾಕಿಕೊಂಡರು. ಹೊಡೆಯುವುದುಂಟೇ ಎಂದು ಹಿಂಜರಿಯುತ್ತ ಕೇಳಿದರು.

"ಛೆ, ಹೊಡೆಯೋದುಂಟೇ. ಬೈತೀನಿ. ಬೈದ್ರೂ ನಗ್ತಾರೆ. ಪಕ್ಕದಲ್ಲಿ ಕೂತು ತಿನ್ನಿಸಿದ್ರೆ ತಿಂತಾರೆ, ಇಲ್ದಿದ್ರೆ ಊಟಾನೇ ಮರೀತಾರೆ."

ಸಾಕುಮಗುವನ್ನೂ ಬಹುವಚನದಲ್ಲಿ ಕರೆಯುವ ಈ ತಾಯಿಯ ದೊಡ್ಡತನಕ್ಕೆ ಅಧಿಕಾರಿ ಬೆರಗಾದರು. ಹೊರಡುವಾಗ ಕೈ ಮುಗಿದು, ಮೂವತ್ತೆರಡನೇ ಸಂಖ್ಯೆಯನ್ನು ನಾವು ಕೈಬಿಡುವುದಿಲ್ಲ, ತಪಾಸಣೆಯ ದಿನ ನಾನೇ ಅದರ ಪಕ್ಕದಲ್ಲಿ ಕೂರುತ್ತೇನೆ ಎಂದರು. ಆಗ ಆಕೆಗೆ ಹಾಳೆಯ ನೆನಪಾಯಿತು. ಬಾಯಿ ತೆರೆಯುವುದರೊಳಗೆ ಅವರ ಸ್ಕೂಟರು ತಿರುವು ದಾಟಿತ್ತು.

ಸಂಜೆ ಗಂಡ ಬಂದ ಕೂಡಲೆ ಆಕೆ ನಡೆದದ್ದನ್ನೆಲ್ಲ ಹೇಳಿದಳು. ಹಾಲು, ಸಿಟ್ಟು, ಹಾಳೆ, ಅಧಿಕಾರಿ, ಒಂದನ್ನೂ ಬಿಡಲಿಲ್ಲ. ಮೇಷ್ಟ್ರು ಸಾಕ್ಸು ಬಿಚ್ಚುತ್ತ ಮೂವತ್ತೆರಡನೇ ಮಗು ಎಲ್ಲಿರಬಹುದೆಂದು ಯೋಚಿಸುತ್ತಿದ್ದರು. ಕೊನೆಗೆ ತಲೆಯೆತ್ತಿ, "ಆಯ್ತಾಯ್ತು, ತಂದ್ಕೊಡ್ತೀನಿ" ಅಂದರು.

ಅದೇ ಕಾಲಲ್ಲಿ ಎದುರು ಮನೆಯ ದರ್ಜಿಯ ಹತ್ತಿರ ಹೋದರು. ಶಾಲೆಯ ಸಮವಸ್ತ್ರವೆಲ್ಲ ಅವನ ಕೈಯದೇ. ಮೂರನೇ ತರಗತಿಗೆ ಎಷ್ಟು ಹೊಲಿದೆ ಎಂದು ಕೇಳಿದರು. ಮೂವತ್ತೊಂದು ಎಂದ. ಇನ್ನೊಂದು ಮಗು ಎಲ್ಲಿ ಹೋಯಿತು ಹಾಗಾದರೆ ಎಂದು ಮೇಷ್ಟ್ರು ತಮ್ಮಷ್ಟಕ್ಕೆ ಗೊಣಗಿಕೊಂಡರು. ದರ್ಜಿಗೆ ಅಷ್ಟು ಸಾಕಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಬೀದಿ ಅದು. ಕಾಲು ಗಂಟೆಯಲ್ಲಿ ಮೇಷ್ಟ್ರ ತರಗತಿಯ ಮಗುವೊಂದು ಕಳೆದುಹೋಗಿದೆ ಎಂದು ಸುದ್ದಿಯಾಯಿತು. ಅರ್ಧ ಗಂಟೆಯಲ್ಲಿ ಬೀದಿಯೆಲ್ಲ ಹೊರಗೆ ಬಂತು.

ಗುರುತು ಹೇಳಿ ಎಂದರು ಜನ. ಮೇಷ್ಟ್ರು ಹಾಳೆ ತೆಗೆದು ಓದಿದರು. ಹೊಟ್ಟೆ ಮುಂದೆ ಬಂದಿರುತ್ತದೆ, ಕೂದಲು ಕಡಿಮೆ, ಮಂಡಿ ಹಿಡಿದುಕೊಂಡು ನಡೆಯುತ್ತದೆ, ಎಲ್ಲಾದರೂ ಕೂತಲ್ಲೇ ಮಲಗಿರಬಹುದು. ಔಷಧಿ ಅಂಗಡಿಯವನು ಕೇಳುತ್ತ ಕೇಳುತ್ತ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ, ಆದರೆ ಮರ್ಯಾದಸ್ಥ, ಏನೂ ಹೇಳಲಿಲ್ಲ. ಮೆಟ್ಟಿಲ ಕೆಳಗೆ, ನೀರಿನ ತೊಟ್ಟಿಯ ಹಿಂದೆ, ನಿಲ್ಲಿಸಿದ ಗಾಡಿಗಳ ಅಡಿಯಲ್ಲಿ ಹುಡುಕಾಟ ನಡೆಯಿತು. ಟಾರ್ಚು ಹಿಡಿದು ಎಲ್ಲರಿಗಿಂತ ಮುಂದೆ ಮೇಷ್ಟ್ರು, ಮಂಡಿ ಹಿಡಿದುಕೊಂಡು ಬಗ್ಗಿ ಬಗ್ಗಿ ನೋಡುತ್ತ, "ಬಾ ಮರಿ, ಬೈಯಲ್ಲ ಬಾ" ಎಂದು ಕರೆಯುತ್ತಿದ್ದರು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವ ಗಾದೆ ಹಳೆಯದು, ಕೂಸೇ ಟಾರ್ಚು ಹಿಡಿದು ಹೊರಟದ್ದು ಅದೇ ಮೊದಲು.

ಹೆಂಡತಿ ಗೇಟಿನ ಹತ್ತಿರ ನಿಂತಿದ್ದಳು. ಪಕ್ಕದಲ್ಲಿ ಹಾದುಹೋದ ಗಂಡನ ತೋಳು ಹಿಡಿದು ನಿಲ್ಲಿಸಿದಳು.

"ರೀ, ನೀವು ಹುಡುಕ್ತಿರೋದು ನಿಮ್ಮನ್ನೇ."

"ಆಯ್ತಾಯ್ತು, ಆ ಕಡೆನೂ ನೋಡ್ಕೊಂಡು ಬರ್ತೀನಿ" ಎಂದು ಮೇಷ್ಟ್ರು ಚರಂಡಿಯ ಕಡೆ ಹೊರಟರು.

ತಪಾಸಣೆಯ ದಿನ ಬಂತು. ಅಧಿಕಾರಿ ಕೊಠಡಿಯ ಹಿಂದಿನ ಸಾಲಿನಲ್ಲಿ ಕೂತರು, ಪಕ್ಕದಲ್ಲಿ ಪುಟ್ಟ ಮೆತ್ತೆಯ ಕುರ್ಚಿ ಖಾಲಿಯಿತ್ತು. ಬಾಗಿಲಲ್ಲಿ ದೊಡ್ಡ ಮೇಡಂ ನಿಂತಿದ್ದರು. ಹಾಜರಿ ಮೂವತ್ತೊಂದಕ್ಕೆ ನಿಂತಿತು. ಮೂವತ್ತೆರಡು ಎಂದು ಮೇಷ್ಟ್ರು ಕೂಗಿದರು, ಕಾದರು, ಬರುತ್ತೆ ಸಾರ್, ಸ್ವಲ್ಪ ತಡವಾಗಿ ಬರುವ ಮಗು ಅಂದರು. ಅಧಿಕಾರಿಯೂ ಕಾದರು.

ಕಾಯುತ್ತ ಪಾಠ ನೋಡಿದರು. ಲೆಕ್ಕ ಹನ್ನೊಂದರೊಳಗೆ ಮುಗಿಯಿತು. ಏಳನೇ ಸಂಖ್ಯೆ ನಿಂತು ಮಗ್ಗಿ ಹೇಳಿತು. ಹನ್ನೆರಡು ಹದಿಮೂರರ ನಡುವೆ ಚೀಲವಿತ್ತು. ಮೂರನೇ ಬೆಂಚು ತೂಗಾಡುತ್ತ ಪದ್ಯ ಒಪ್ಪಿಸಿತು. ಹಾಳೆಗಳಲ್ಲಿ ಇದ್ದದ್ದೆಲ್ಲ ಕಣ್ಣೆದುರು ನಡೆಯುತ್ತಿತ್ತು, ಅಧಿಕಾರಿ ಒಂದೊಂದಕ್ಕೂ ಗುರುತು ಹಾಕಿದರು. ಇಷ್ಟು ವರ್ಷದ ನೌಕರಿಯಲ್ಲಿ ಕಾಗದವೂ ಕೊಠಡಿಯೂ ಒಂದೇ ಮಾತಾಡಿದ್ದನ್ನು ಅವರು ಕಂಡಿರಲಿಲ್ಲ. ಆದರೆ ನಿಯಮ ನಿಯಮವೇ. ಒಂದು ಮಗು ಕಡಿಮೆಯಾದರೂ ತಾಳೆಯಾಗಲಿಲ್ಲವೆಂದೇ ಲೆಕ್ಕ. ಹನ್ನೆರಡು ಗಂಟೆಗೆ ಅವರು ನಿಟ್ಟುಸಿರು ಬಿಟ್ಟು ಚೀಲದಿಂದ ದಾಖಲೆ ಕೋಣೆಯ ಆದೇಶ ತೆಗೆದರು. ಅದನ್ನು ನೋಡಿ ಮೇಷ್ಟ್ರ ಕೈಯಿಂದ ಸೀಮೆಸುಣ್ಣ ಬಿತ್ತು.

"ಸಾರ್, ನನ್ನ ಕಳಿಸಿ, ಪರವಾಗಿಲ್ಲ. ಆದ್ರೆ ಆ ಮಗು ಸಿಕ್ಕಿದ್ರೆ ಬೈಯಬೇಡಿ ಅಂತ ಮುಂದಿನ ಮೇಷ್ಟ್ರಿಗೆ ಹೇಳಿ. ಒಂದು ಸಲಕ್ಕೆ ಒಂದೇ ಮಾತು ಸಾಕು ಅದಕ್ಕೆ."

ಸಹಿ ಹಾಕುವ ಕಡೆ ನೋಡಲು ಕನ್ನಡಕಕ್ಕಾಗಿ ಜೇಬು ತಡಕಿದರು, ಮೇಜಿನ ಡ್ರಾಯರು ತಡಕಿದರು, ಬಗ್ಗಿ ಮೇಜಿನ ಕೆಳಗೆ ನೋಡಿ "ಅಯ್ಯೋ" ಎಂದು ಮಂಡಿ ಹಿಡಿದುಕೊಂಡು ಎದ್ದರು. ಕನ್ನಡಕ ಹಣೆಯ ಮೇಲಿತ್ತು.

ಅಧಿಕಾರಿಯ ಕಣ್ಣು ಕಿರಿದಾಯಿತು. ಅವರು ಮೂವತ್ತೆರಡನೇ ಹಾಳೆ ತೆಗೆದು ಮಕ್ಕಳಿಗೆ ಗಟ್ಟಿಯಾಗಿ ಓದತೊಡಗಿದರು, ಇದು ಯಾರೆಂದು ನಿಮಗೇನಾದರೂ ಗೊತ್ತೇ ಎಂದು ಕೇಳಿದರು. ಎಲ್ಲದಕ್ಕೂ ತಲೆಯಾಡಿಸುವುದು ಎಂಬಲ್ಲಿಗೆ ಹತ್ತು ಕೈ ಎದ್ದವು, ಗೊರಕೆ ಎಂಬಲ್ಲಿಗೆ ಮೂವತ್ತೊಂದು. ಹೊಟ್ಟೆಯ ಸಾಲು ಓದುವ ಅಗತ್ಯವೇ ಬೀಳಲಿಲ್ಲ.

ಹತ್ತೊಂಬತ್ತನೇ ಹುಡುಗಿಯ ಕಡೆ ಅಧಿಕಾರಿ ಬೆರಳು ಮಾಡಿದರು. ಆಕೆ ಎದ್ದು ನಿಂತು, ಪಕ್ಕದವರಿಗೆ ಹೇಳಿಕೊಡುವ ದನಿಯಲ್ಲಿ ಬಿಡಿಸಿ ಹೇಳಿದಳು: "ಅದು ನಮ್ಮ ಮೇಷ್ಟ್ರು ಸಾರ್. ದಿನಾ ಬರ್ತಾರೆ. ಅವರ ನಂಬರು ಅವರೇ ಕರೆದು, ಅವರೇ ಬಂದಿಲ್ಲ ಅಂತಾರೆ."

ದೊಡ್ಡ ಮೇಡಂ ಬಾಗಿಲು ಹಿಡಿದುಕೊಂಡರು. ಮೇಷ್ಟ್ರು ಹಾಳೆ ಇಸಿದುಕೊಂಡು ಹನ್ನೆರಡನೇ ಸಲ ಓದಿದರು. ಹಾಲು ಎಂಬ ಪದದ ಹತ್ತಿರ ಬಂದು ನಿಂತರು. ಕಿವಿಗೂ ತಲೆಗೂ ನಡುವಿನ ದಾರಿ ಅಂದು ಮೊದಲ ಸಲ ತೆರೆದು, ಹೆಂಡತಿ ಹೇಳಿದ್ದೆಲ್ಲ ಒಟ್ಟಿಗೆ ಒಳಗೆ ಬಂತು.

"ಆಯ್ತು" ಅಂದರು ಮೇಷ್ಟ್ರು. ಒಂದೇ ಸಲ ಅಂದರು.

ಈಗ ಪೇಚಿಗೆ ಬಿದ್ದದ್ದು ಅಧಿಕಾರಿ. ಯೋಜನೆ ತಾಳೆಯಾಗಿಲ್ಲ ಎನ್ನಲು ಹಾಳೆ ಮೂವತ್ತೆರಡು, ತಲೆ ಮೂವತ್ತೆರಡು. ಸುಳ್ಳು ಹಾಳೆ ಎನ್ನಲು, ಪೋಷಕರ ಸಹಿಯಿದ್ದದ್ದು ಅದೊಂದಕ್ಕೇ, ಮನೆಗೆ ಹೋಗಿ ಖುದ್ದಾಗಿ ವಿಚಾರಿಸಿದ್ದೂ ಅದೊಂದನ್ನೇ. ವಿಚಾರಿಸಿದ್ದು ತಾವೇ ಎಂಬುದನ್ನು ನೆನೆದು ಅವರು ಬೆವರು ಒರೆಸಿಕೊಂಡರು. ದಾಖಲೆ ಕೋಣೆಗೆ ಕಳಿಸೋಣವೆಂದರೆ, ಹಾಜರಿ ಪುಸ್ತಕದಲ್ಲಿ ಸಾಲಿರುವ ಮಗುವನ್ನು ವರ್ಷದ ನಡುವೆ ತರಗತಿ ಬಿಡಿಸುವಂತಿಲ್ಲ ಎಂದು ಅವರದೇ ಇನ್ನೊಂದು ಸುತ್ತೋಲೆ ಹೇಳುತ್ತಿತ್ತು. ಕೊನೆಗೆ ಆದೇಶವನ್ನು ನಾಲ್ಕು ಮಡಿಕೆ ಮಡಿಸಿ ಚೀಲದೊಳಗಿಟ್ಟರು. ಯೋಜನೆ ಸಂಪೂರ್ಣ ತಾಳೆಯಾಗಿದೆ, ಮೂವತ್ತೆರಡನೇ ಮಗು ಇದೇ ಕೊಠಡಿಯಲ್ಲಿ ಮುಂದುವರಿಯತಕ್ಕದ್ದು, ಅದರ ಪ್ರಗತಿಪತ್ರಕ್ಕೆ ತಿಂಗಳಿಗೊಮ್ಮೆ ಪೋಷಕರ ಸಹಿ ಪಡೆಯತಕ್ಕದ್ದು ಎಂದು ಬರೆದರು. ಮಕ್ಕಳು ಮೇಷ್ಟ್ರನ್ನು ಎಳೆದುಕೊಂಡು ಹೋಗಿ ಮೆತ್ತೆಯ ಕುರ್ಚಿಯಲ್ಲಿ ಕೂರಿಸಿದರು. ಕೂರುವುದು ಸಲೀಸಾಯಿತು, ಏಳಿಸಲು ಮಾತ್ರ ಎರಡು ಸಾಲಿನ ಮಕ್ಕಳು ಬೇಕಾದರು.

ತಿಂಗಳ ಕೊನೆಗೆ ಮೇಷ್ಟ್ರು ಪ್ರಗತಿಪತ್ರವನ್ನೂ, ತಾವೇ ಬರೆದ ಯೋಜನೆಯನ್ನೂ ತಂದು ಊಟದ ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ನಿಂತರು. ಹೆಂಡತಿ ಅವರ ಅಕ್ಷರವನ್ನು ಹೇಗೋ ಬಿಡಿಸಿಕೊಂಡು ಯೋಜನೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಗುರುತು ಪರಿಚಯವಿಲ್ಲದ ಮಗುವೊಂದಕ್ಕಾಗಿ ಇಷ್ಟು ಮರುಗಿದ ಮನುಷ್ಯನನ್ನು ಏನೆಂದು ಬೈಯುವುದು ಎಂದು ಆಕೆಗೆ ತಿಳಿಯಲಿಲ್ಲ. ಕಣ್ಣೊರೆಸಿಕೊಂಡು ಪಾತ್ರೆ ತೊಳೆಯಲು ಎದ್ದಳು.

ಒಲೆಯ ಮೇಲೆ ಹಾಲಿತ್ತು. ಅದು ಸುಯ್ಯೆಂದು ಏರುವ ಸದ್ದು ಕೇಳಿದಾಗ ಆಕೆಯ ಎರಡೂ ಕೈ ಸೋಪಿನ ನೊರೆಯಲ್ಲಿದ್ದವು. ಬಾಯಿಗೆ ಬಂದ ಇಪ್ಪತ್ತು ಮಾತನ್ನು ನುಂಗಿಕೊಂಡು ಆಕೆ ಎರಡೇ ಪದ ಹೇಳಿದಳು.

"ಒಲೆ ಆರಿಸಿ."

ಮೇಷ್ಟ್ರು ಒಲೆ ಆರಿಸಿದರು. ಹಾಲು ಪಾತ್ರೆಯ ಅಂಚಿಗೆ ಬಂದು, ಒಂದು ಕ್ಷಣ ಯೋಚಿಸಿ, ಕೆಳಗಿಳಿಯಿತು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಇವರ ಕಾವಲಿನಲ್ಲಿ ಹಾಲು ಉಳಿದದ್ದು ಅದೇ ಮೊದಲು.

ಆಕೆ ಕೈ ಒರೆಸಿಕೊಂಡು ಬಂದು ಪ್ರಗತಿಪತ್ರಕ್ಕೆ ಸಹಿ ಹಾಕಿದಳು. ವಿಶೇಷ ಗುಣ ಎಂಬಲ್ಲಿ ಬರೆದಳು: ಮನಸ್ಸು ಒಳ್ಳೆಯದು. ಈ ತಿಂಗಳು ಹಾಲೂ ಉಳಿದಿದೆ.

ಏನು ಬರೆದಿದ್ದಾಳೋ ನೋಡುವ ಕಾತರದಲ್ಲಿ ಮೇಷ್ಟ್ರು ಜೇಬು ತಡಕಿದರು, ಮೇಜು ತಡಕಿದರು, ಬಗ್ಗಿ ಕುರ್ಚಿಯ ಕೆಳಗೂ ಇಣುಕಿ, "ಏನೇ, ನನ್ನ ಕನ್ನಡಕ ಎಲ್ಲಿ?" ಎಂದು ಕೇಳಿದರು. ಆಕೆ ಅವರ ಹಣೆಯನ್ನು ನೋಡಿದಳು. ಒಂದು ದಿನಕ್ಕೆ ಒಂದೇ ಪಾಠ ಎಂದು ಯೋಜನೆಯಲ್ಲಿ ಬರೆದಿದ್ದು ನೆನಪಾಯಿತು. ಇವತ್ತಿನದು ಹಾಲು ಎಂದುಕೊಂಡು, ತಾನೂ ಬಗ್ಗಿ ಅವರ ಜೊತೆ ಹುಡುಕತೊಡಗಿದಳು.